ಹೈಡ್ರೋಸ್ ಹಾಕದ ಹಾಡು: ಐವತ್ತರ ದಶಕದ ಅಮೆರಿಕನ್ ಗುಂಪುಗಾಯನವನ್ನು ನೋಡಿ, ಕೇಳಿ ಕೊಳ್ಳುವ ಬಗೆ

ಮಂಡ್ಯದ ಪೇಟೆ ಬೀದಿಯಲ್ಲಿ ನಂದೊಂದು ರಿಪೇರಿ ಅಂಗಡಿ. ರೇಡಿಯೋ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ಅಂತ ಬೋರ್ಡಿನಲ್ಲಿದೆ. ಈಗ ಬರುವುದು ಮಿಕ್ಸಿ, ಟಿವಿ ರಿಮೋಟು. 1986ರಲ್ಲಿ ಕಾಲೇಜಿನ ಇಂಗ್ಲಿಷ್ ಮೇಷ್ಟ್ರೊಬ್ಬರು ರೆಕಾರ್ಡ್ ಪ್ಲೇಯರನ್ನು ರಿಪೇರಿಗೆ ಬಿಟ್ಟು ಹೋದರು. ಬೆಲ್ಟು ಜೋಲುಬಿದ್ದಿತ್ತು, ಬೇರೇನೂ ಇಲ್ಲ. ಹೊಸ ಬೆಲ್ಟು ಹಾಕಿ ಓಡಿಸಿ ನೋಡೋಣವೆಂದರೆ ಪ್ಲೇಟು ಹುಡುಕುವ ಕೆಲಸವೂ ಇರಲಿಲ್ಲ, ಒಂದು ಎಲ್‌ಪಿ ಅದರ ಮೇಲೇ ಕೂತಿತ್ತು. ಪ್ಲ್ಯಾಟರ್ಸ್ ಅನ್ನುವ ಗುಂಪಿನದು. ಒಬ್ಬ ಎತ್ತರದ ದನಿಯಲ್ಲಿ ಹಾಡುತ್ತಾನೆ, ಹಿಂದೆ ನಾಲ್ಕು ದನಿ ಅವನನ್ನು ಎತ್ತಿ ಹಿಡಿದಿವೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಮೇಷ್ಟ್ರಿಗೆ ವರ್ಗವಾದಾಗ "ಆ ಪ್ಲೇಟು ನೀನೇ ಇಟ್ಕೊಳಪ್ಪ" ಅಂದರು.

ಹದಿನೆಂಟು ವರ್ಷ ಅದನ್ನೇ ಕೇಳಿದೆ. ಆಮೇಲೆ ಯಾರೋ ಒಂದು ಸಿಡಿ ತಂದುಕೊಟ್ಟರು, ಅದೇ ಗುಂಪು, ಅದೇ ಹಾಡು. ಹಾಕಿದರೆ ದನಿ ಬೇರೆ! ಮೊದಲ ಸಾಲಿನಲ್ಲೇ ಒಂದು ಬಿಕ್ಕು ಇದೆ, ನನ್ನ ಎಲ್‌ಪಿಯಲ್ಲಿ ಆ ಜಾಗ ನುಣ್ಣಗಿದೆ. ಕವರನ್ನು ಭೂತಗನ್ನಡಿ ಹಿಡಿದು ಓದಿದೆ. ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಹೊಸ ಸ್ಟೀರಿಯೋ ರೆಕಾರ್ಡಿಂಗ್ ಅಂತಿತ್ತು. 1955ರಲ್ಲಿ ಮರ್ಕ್ಯುರಿ ಕಂಪನಿಗೆ 'ಓನ್ಲಿ ಯೂ' ಹಾಡಿದವನು ಟೋನಿ ವಿಲಿಯಮ್ಸ್. ಅರವತ್ತರ ದಶಕದ ಶುರುವಿಗೇ ಅವನು ಗುಂಪು ಬಿಟ್ಟ. ಆಮೇಲೆ ಬಂದವರು ಅದೇ ಹೆಸರಿನಲ್ಲಿ ಅವೇ ಹಾಡುಗಳನ್ನು ಮತ್ತೆ ಹಾಡಿದರು. ಹದಿನೆಂಟು ವರ್ಷ ನಾನು ಬೇರೆಯವರ ಮದುವೆಯಲ್ಲಿ ಊಟ ಮಾಡಿದ್ದೆ. ನಿಮಗೆ ಹಾಗಾಗದಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಈ ಹಾಡುಗಳು ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕರಿಯ ಹುಡುಗರು, ನಾಲ್ಕೋ ಐದೋ ಮಂದಿ, ವಾದ್ಯಕ್ಕೆ ದುಡ್ಡಿಲ್ಲದವರು, ಬೀದಿ ಮೂಲೆಯಲ್ಲಿ ನಿಂತು ಬಾಯಲ್ಲೇ ವಾದ್ಯ ಮಾಡಿಕೊಂಡರು. ದನಿ ಗುಂಯ್‌ಗುಡಲಿ ಅಂತ ಮೆಟ್ಟಿಲ ಸಂದಿ, ಸುರಂಗ ರೈಲಿನ ನಿಲ್ದಾಣ, ಶಾಲೆಯ ಪಾಯಿಖಾನೆ ಹುಡುಕಿಕೊಂಡು ಹೋಗುತ್ತಿದ್ದರು. ಬಾಲ್ಟಿಮೋರಿನ ಓರಿಯೋಲ್ಸ್ 1948ರಲ್ಲಿ ದಾರಿ ತೆರೆದರು. ಮರುವರ್ಷ, 1949ರಲ್ಲಿ, ಬಿಲ್‌ಬೋರ್ಡ್ ಪತ್ರಿಕೆ ಕರಿಯರ ಹಾಡುಗಳ ಪಟ್ಟಿಗೆ 'ರೇಸ್ ರೆಕಾರ್ಡ್ಸ್' ಅನ್ನುವ ಹೆಸರು ತೆಗೆದು 'ರಿದಮ್ ಅಂಡ್ ಬ್ಲೂಸ್' ಅಂತ ಇಟ್ಟಿತು. ಓರಿಯೋಲ್ಸ್, ರೇವನ್ಸ್, ಕ್ರೋಸ್, ಫ್ಲಮಿಂಗೋಸ್, ಪೆಂಗ್ವಿನ್ಸ್: ಗುಂಪಿನ ಹೆಸರೆಲ್ಲ ಹಕ್ಕಿಗಳದ್ದು, ರಂಗನತಿಟ್ಟಿನ ಬೋರ್ಡು ಓದಿದ ಹಾಗೆ. ಪೆಂಗ್ವಿನ್ಸ್ ಹೆಸರು ಬಂದದ್ದು ಮಾತ್ರ ಸಿಗರೇಟು ಪ್ಯಾಕಿನ ಮೇಲಿದ್ದ ಚಿತ್ರದಿಂದ. 'ಡೂ-ವಾಪ್' ಅನ್ನುವ ಹೆಸರು ಇವಕ್ಕೆ ಅಂಟಿದ್ದು ಆ ಕಾಲ ಮುಗಿಯುತ್ತ ಬಂದ ಮೇಲೆ.

ಜಾತ್ರೆಗಳಿಗೆ ಮೈಕ್ ಸೆಟ್ ಕಟ್ಟುತ್ತಿದ್ದವನು ನಾನು. ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ ಪದ ಹಾಡುವಾಗ ಹಿಮ್ಮೇಳದ ಮೈಕು ಎಲ್ಲಿಡಬೇಕು ಅನ್ನುವುದೇ ನನ್ನ ತಲೆನೋವು. ನಮ್ಮ ಹಿಮ್ಮೇಳ ಮುಂದಿನವನ ಸಾಲನ್ನೇ ಹಿಡಿದು ಎತ್ತುತ್ತದೆ. ಅವರಲ್ಲಿ ಹಾಗಲ್ಲ, ಒಬ್ಬೊಬ್ಬ ಒಂದೊಂದು ಸ್ವರ ಹಿಡಿಯುತ್ತಾನೆ. ತಳದಲ್ಲಿ ಮಂದ್ರದ ದನಿ 'ಬೊಂ ಬೊಂ' ಅಂತ ನಡೆಯುತ್ತದೆ, ತುದಿಯಲ್ಲಿ ಒಬ್ಬ ಕಳ್ಳದನಿ ತೆಗೆದು ತೇಲುತ್ತಾನೆ. ಈ ಪದರಗಳು ಕೇಳಿಸಿದರೆ ಕೊಟ್ಟ ದುಡ್ಡು ವಸೂಲು. ಕೇಳಿಸದಿದ್ದರೆ ತಪ್ಪು ಹೆಚ್ಚಾಗಿ ಮರುಬಿಡುಗಡೆಯದು, ನಿಮ್ಮ ಕಿವಿಯದಲ್ಲ.

ಮೊದಲ ಕೆಲಸ, ಇಸವಿ ಹುಡುಕುವುದು. ಕವರಿನ ಮೇಲಿರುವ ಇಸವಿಯಲ್ಲ, ಹಾಡಿದ ಇಸವಿ. ಫೋನಿನ ಆ್ಯಪುಗಳಲ್ಲಿ ಕಾಣುವುದು ಸಾಮಾನ್ಯವಾಗಿ ಆ ಸಂಕಲನ ಹೊರಬಂದ ವರ್ಷ. 1954ರ ಹಾಡಿನ ಪಕ್ಕ 2011 ಅಂತಿರುತ್ತದೆ. ಅದನ್ನು ನಂಬಬೇಡಿ. 'ಮೂಲ ಗಾಯಕರಿಂದ' ಅನ್ನುವ ಮಾತನ್ನಂತೂ ನಂಬಲೇಬೇಡಿ. ಗಾಯಕ ಮೂಲದವನೇ ಇರಬಹುದು, ಆದರೆ ಇಪ್ಪತ್ತು ವರ್ಷ ಕಳೆದು, ದನಿ ದಪ್ಪವಾದ ಮೇಲೆ, ಬಾಡಿಗೆ ವಾದ್ಯದವರ ಜೊತೆ ಒಂದು ಮಧ್ಯಾಹ್ನ ನಿಂತು ಹಾಡಿರುತ್ತಾನೆ. ಸುಳ್ಳು ಹೇಳಿದಂತೆಯೂ ಆಗಲಿಲ್ಲ, ನಿಜ ಹೇಳಿದಂತೆಯೂ ಆಗಲಿಲ್ಲ. ನಮ್ಮಲ್ಲಿ ಹಳೆ ಸಿನಿಮಾ ಹಾಡುಗಳನ್ನು ಬೇರೆಯವರಿಂದ ಹಾಡಿಸಿ ಕ್ಯಾಸೆಟ್ ಮಾಡಿದ ಕಾಲ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಜಾ ಏನೆಂದರೆ 'ಓನ್ಲಿ ಯೂ'ವನ್ನು ಟೋನಿ ವಿಲಿಯಮ್ಸನೇ 1954ರಲ್ಲಿ ಫೆಡರಲ್ ಕಂಪನಿಗೆ ಒಮ್ಮೆ ಹಾಡಿ ಕೆಡಿಸಿದ್ದ. ಹಾಗಾಗಿ ಗಾಯಕ, ಇಸವಿ, ಕಂಪನಿ, ಈ ಮೂರೂ ಕೂಡಿ ಬರಬೇಕು.

ಎರಡನೆಯದು ಸ್ಟೀರಿಯೋ ಪರೀಕ್ಷೆ. ಸ್ಟೀರಿಯೋ ಎಲ್‌ಪಿಗಳು ಅಂಗಡಿಗೆ ಬಂದದ್ದೇ 1958ರಲ್ಲಿ. ಅದಕ್ಕೆ ಮುಂಚಿನ ಈ ಸಣ್ಣಪುಟ್ಟ ಕಂಪನಿಗಳ ಹಾಡು ಎಲ್ಲೋ ಒಂದು ಬಿಟ್ಟರೆ ಎಲ್ಲವೂ ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಶಬ್ದ. ಪೆಂಗ್ವಿನ್ಸ್‌ನವರು 1954ರಲ್ಲಿ 'ಅರ್ತ್ ಏಂಜೆಲ್' ರೆಕಾರ್ಡು ಮಾಡಿದ್ದು ಲಾಸ್ ಏಂಜಲೀಸಿನ ಒಂದು ಗ್ಯಾರೇಜಿನಲ್ಲಿ. ಗ್ಯಾರೇಜಿನಲ್ಲಿ ಎಡಕ್ಕೆ ಡ್ರಮ್ಮು, ಬಲಕ್ಕೆ ಪಿಯಾನೋ ಅಂತ ಬೇರೆ ಮಾಡಿ ಹಿಡಿಯುವವರು ಯಾರಿದ್ದರು? ಹೆಡ್‌ಫೋನಿನಲ್ಲಿ ಹಾಗೆ ಬೇರೆಬೇರೆಯಾಗಿ ಕೇಳಿಸಿದರೆ ಅದು ಆಮೇಲೆ ಹಾಡಿದ್ದು ಅಂತ ಗುಮಾನಿ ಇಟ್ಟುಕೊಳ್ಳಿ.

ಇದಕ್ಕೊಂದು ರಿಪೇರಿಯವನ ಉಪಾಯ ಇದೆ. ಇಯರ್‌ಫೋನಿನ ಪಿನ್ನಿನಲ್ಲಿ ಅರ್ತ್ ವೈರು ಕಿತ್ತುಹೋದರೆ ಸಿನಿಮಾ ಹಾಡಿನಲ್ಲಿ ವಾದ್ಯ ಮಾತ್ರ ಕೇಳಿಸಿ ಗಾಯಕರ ದನಿ ಮಾಯವಾಗುತ್ತದೆ. "ಅಣ್ಣ, ಬಾಲು ಸಾರ್ ವಾಯ್ಸೇ ಬತ್ತಿಲ್ಲ ಕಣಣ್ಣ" ಅಂತ ಹುಡುಗರು ಬರುತ್ತಿದ್ದದ್ದು ಇದಕ್ಕೇ. ಎರಡೂ ಕಡೆ ಒಂದೇ ಆಗಿರುವುದು ಪರಸ್ಪರ ಕಳೆದುಹೋಗುತ್ತದೆ, ವ್ಯತ್ಯಾಸವಷ್ಟೇ ಉಳಿಯುತ್ತದೆ. ಹಳೆಯ ಕೆಟ್ಟ ಇಯರ್‌ಫೋನೊಂದರ ಅರ್ತ್ ವೈರನ್ನು ಬೇಕೆಂದೇ ಕತ್ತರಿಸಿ ಇಟ್ಟುಕೊಳ್ಳಿ. ಅಪ್ಪಟ ಮೋನೋ ಸಿಡಿಯನ್ನು ಅದರಲ್ಲಿ ಕೇಳಿದರೆ ಹೆಚ್ಚುಕಡಿಮೆ ಮೌನ. ಹಾಡು ಚೆನ್ನಾಗಿ ಕೇಳಿಸಿದರೆ ಯಾರೋ ಏನೋ ಕೈಯಾಡಿಸಿದ್ದಾರೆ. ಬರೀ ಚಟಪಟ ಶಬ್ದ ಉಳಿದರೆ ಪ್ಲೇಟಿನಿಂದ ಸ್ಟೀರಿಯೋ ಮುಳ್ಳಿನಲ್ಲಿ ಎತ್ತಿ ಹಾಗೇ ಬಿಟ್ಟಿದ್ದಾರೆ ಅಂತ ಅರ್ಥ.

ಕೈಯಾಡಿಸುವುದರಲ್ಲಿ ಅರವತ್ತರ ದಶಕದವರು ನಿಸ್ಸೀಮರು. ಮೋನೋ ಹಾಡಿನ ತಗ್ಗಿನ ಸ್ವರಗಳನ್ನು ಒಂದು ಕಡೆಗೆ, ಎತ್ತರದವನ್ನು ಇನ್ನೊಂದು ಕಡೆಗೆ ತಳ್ಳಿ, ಸ್ವಲ್ಪ ಎಕೋ ಸುರಿದು ಸ್ಟೀರಿಯೋ ಅಂತ ಮಾರಿದರು. ಇಂಥ ಎಲ್‌ಪಿ ಈಗಾಗಲೇ ನಿಮ್ಮಲ್ಲಿದ್ದರೆ ಆಂಪ್ಲಿಫೈಯರಿನ ಮೋನೋ ಸ್ವಿಚ್ಚು ಒತ್ತಿ ಕೇಳಿ, ಅರ್ಧ ರೋಗ ವಾಸಿಯಾಗುತ್ತದೆ. ಇನ್ನೂ ಕೊಂಡಿಲ್ಲವಾದರೆ ಕೊಳ್ಳಬೇಡಿ. ಫ್ಲಮಿಂಗೋಸ್‌ನವರ 'ಗೋಲ್ಡನ್ ಟಿಯರ್‌ಡ್ರಾಪ್ಸ್' ಕತೆ ಇನ್ನೂ ಬೇಜಾರಿನದು. 1953ರಲ್ಲಿ ಷಿಕಾಗೋದ ಚಾನ್ಸ್ ಅನ್ನುವ ಪುಟ್ಟ ಕಂಪನಿಗೆ ಹಾಡಿದ್ದು. ದನಿಗಳು ಒಂದರೊಳಗೊಂದು ಕರಗುವುದನ್ನು ಕೇಳಬೇಕೆಂದರೆ ಇದನ್ನೇ ಕೇಳಬೇಕು. 1961ರಲ್ಲಿ ವೀ-ಜೇ ಕಂಪನಿ ಅದನ್ನು ಮತ್ತೆ ಹೊರತಂದಾಗ ಮೇಲೊಂದು ಗಿಟಾರ್ ಅಂಟಿಸಿತು. ಬೇಲೂರಿನ ಶಿಲಾಬಾಲಿಕೆಗೆ ಏಷಿಯನ್ ಪೇಂಟ್ ಹೊಡೆದ ಹಾಗೆ. ಇಂದಿಗೂ ಕೆಲವು ಸಂಕಲನಗಳಲ್ಲಿ ಗಿಟಾರಿನದೇ ಬರುತ್ತದೆ, ಆದ್ದರಿಂದ ಈ ಹಾಡಿದ್ದರೆ ಮೊದಲು ಇದನ್ನೇ ತೆಗೆದು ನೋಡುತ್ತೇನೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕಲ್ಲ.

ಹಾಡಿನ ಹೆಸರೊಂದನ್ನೇ ನೋಡಿ ಕೊಂಡರೂ ಮೋಸ. 1954ರ 'ಶ್-ಬೂಮ್' ಕಾರ್ಡ್ಸ್ ಅನ್ನುವ ಕರಿಯ ಹುಡುಗರದ್ದು, ಆದರೆ ಪಟ್ಟಿಯ ತುದಿಗೇರಿ ಕೂತದ್ದು ಅದನ್ನೇ ಮತ್ತೆ ಹಾಡಿದ ಕ್ರೂ ಕಟ್ಸ್ ಅನ್ನುವ ಬಿಳಿಯರ ಗುಂಪು. ಮೂನ್‌ಗ್ಲೋಸ್‌ನವರ 'ಸಿನ್ಸಿಯರ್ಲಿ'ಗೂ ಇದೇ ಗತಿ, ಅದನ್ನು ಮೆಗ್ವೈರ್ ಸಿಸ್ಟರ್ಸ್ ಹಾಡಿ ಮೇಲಕ್ಕೆ ಹೋದರು.

ಇನ್ನು ಹಾಡನ್ನು ಎಲ್ಲಿಂದ ಎತ್ತಿದ್ದಾರೆ ಅನ್ನುವ ವಿಷಯ. ಮಾಸ್ಟರ್ ಟೇಪು, ಅಂದರೆ ಮೊದಲು ರೆಕಾರ್ಡು ಮಾಡಿದ ಮೂಲ ಟೇಪು, ಉಳಿದಿದ್ದರೆ ಅದರಿಂದ ಎತ್ತಬೇಕು. ಎಷ್ಟೋ ಕಂಪನಿಗಳು ಎರಡು ಮೂರು ವರ್ಷಕ್ಕೇ ಬಾಗಿಲು ಹಾಕಿದವು, ಟೇಪು ಎಲ್ಲಿ ಹೋಯಿತೋ. ಆಗ ಉಳಿದ ಪ್ಲೇಟಿನಿಂದಲೇ ಎತ್ತಬೇಕು, ಅದು ತಪ್ಪಲ್ಲ, ಆದರೆ ಹಾಗಂತ ಹೇಳಬೇಕು. ಹೇಳದಿದ್ದರೆ ಪತ್ತೆ ಹಚ್ಚುವುದು ಸುಲಭ. ಹಾಡು ಮೆಲ್ಲಗಿರುವ ಕಡೆ 'ಟಕ್... ಟಕ್...' ಅನ್ನುವುದು ಒಂದೇ ಅಂತರದಲ್ಲಿ ಬರುತ್ತಿದೆಯಾ ಎಣಿಸಿ. ನಿಮಿಷಕ್ಕೆ 78 ಸುತ್ತಿನ ಪ್ಲೇಟಾದರೆ ಹತ್ತು ಸೆಕೆಂಡಿಗೆ ಹದಿಮೂರು ಸಲ, 45 ಸುತ್ತಿನದಾದರೆ ಏಳೆಂಟು ಸಲ. ಪ್ಲೇಟಿನ ಗೀರೊಂದು ಮುಳ್ಳಿಗೆ ಮತ್ತೆ ಮತ್ತೆ ಸಿಗುವ ಲೆಕ್ಕ ಇದು. ಟೇಪಿನ ಶಬ್ದಕ್ಕೆ ಈ ತಾಳ ಇಲ್ಲ, ಅದು ಒಗ್ಗರಣೆ ಆರಿದ ಮೇಲಿನ ಎಣ್ಣೆಯ ಹಾಗೆ ಸಣ್ಣಗೆ ಸುಯ್ ಅನ್ನುತ್ತಲೇ ಇರುತ್ತದೆ.

ಆ ಸುಯ್ ಶಬ್ದಕ್ಕೆ ಹೆದರಿಯೇ ಜನ ಕೆಟ್ಟದ್ದನ್ನು ಕೊಳ್ಳುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾವು ಮಂಡ್ಯದವರು ಬೆಲ್ಲದ ವಿಷಯದಲ್ಲಿ ಈ ಪಾಠ ಕಲಿತವರು. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವಾಗ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿದರೆ ಬೆಲ್ಲ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಪೇಟೆಯವರು ಅದನ್ನೇ ಎತ್ತಿಕೊಳ್ಳುತ್ತಾರೆ. ಹಾಕದ ಬೆಲ್ಲ ಕಂದು, ನೋಡಲು ಚೆಂದವಿಲ್ಲ. ಆದರೆ ಮನೆ ಖರ್ಚಿಗೆ ಅಂತ ಆಲೆಮನೆಯವನು ಪಕ್ಕಕ್ಕೆ ಎತ್ತಿಡುವುದು ಆ ಕಂದು ಬೆಲ್ಲವನ್ನೇ. ಕಂಪ್ಯೂಟರಿನಲ್ಲಿ ಶಬ್ದ ತೆಗೆಯುವುದು ಹಾಡಿಗೆ ಹೈಡ್ರೋಸ್ ಹಾಕಿದ ಹಾಗೆ. ಒಂದೊಂದು 'ಚಟ್' ಅನ್ನು ಕೈಯಲ್ಲಿ ಆರಿಸಿ ತೆಗೆಯುವವರಿದ್ದಾರೆ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಅದು ಒಳ್ಳೆಯ ಕೆಲಸ. ಇಡೀ ಸುಯ್ ಶಬ್ದವನ್ನೇ ಒಂದೇ ಏಟಿಗೆ ಅಳಿಸುವವರು ಅದರ ಜೊತೆ ಗಾಯಕರ ಉಸಿರನ್ನೂ ಅಳಿಸಿಬಿಡುತ್ತಾರೆ.

ಕಂಡುಹಿಡಿಯಬೇಕೆಂದರೆ ಮೂರು ಜಾಗ ಕೇಳಿ. 'ಸ' ಅಕ್ಷರ ಬರುವ ಕಡೆ, ಅದು 'ಸ' ಆಗಿಯೇ ಇದೆಯಾ ಅಥವಾ ಹಲ್ಲು ಉದುರಿದವರ 'ಶ'ದ ಹಾಗಿದೆಯಾ. ಎರಡು ಸಾಲುಗಳ ನಡುವೆ ಉಸಿರು ಎಳೆದುಕೊಳ್ಳುವ ಕಡೆ. ಕೊನೆಗೆ ಹಾಡು ಮುಗಿದು ಕೊನೆಯ ಸ್ವರ ಆರುವ ಕಡೆ. ಅದು ನಿಧಾನಕ್ಕೆ ಕರಗಬೇಕು, ಬಾಗಿಲು ಹಾಕಿದ ಹಾಗೆ ಫಕ್ಕನೆ ನಿಲ್ಲಬಾರದು. ಫೈವ್ ಸ್ಯಾಟಿನ್ಸ್‌ನವರು 1956ರಲ್ಲಿ 'ಇನ್ ದ ಸ್ಟಿಲ್ ಆಫ್ ದ ನೈಟ್' ಹಾಡಿದ್ದು ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನ ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆಯಲ್ಲಿ. ಒಳ್ಳೆಯ ಸಿಡಿಯಲ್ಲಿ ಆ ನೆಲಮಾಳಿಗೆ ಕೇಳಿಸುತ್ತದೆ. ಫ್ರೆಡ್ ಪ್ಯಾರಿಸ್ ಒಂದು ಸಾಲು ಬಿಟ್ಟಾಗ ಗೋಡೆ ಅದನ್ನು ಒಂದು ಕ್ಷಣ ಹಿಡಿದುಕೊಳ್ಳುತ್ತದೆ. ತೊಳೆದ ಸಿಡಿಯಲ್ಲಿ ಗೋಡೆಯೂ ಇಲ್ಲ, ಮಾಳಿಗೆಯೂ ಇಲ್ಲ, ದನಿಗಳು ಹತ್ತಿಯಲ್ಲಿ ಸುತ್ತಿಟ್ಟ ಹಾಗಿವೆ.

ನನ್ನ ಕಿವಿಯ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ, ಮೈಕ್ ಸೆಟ್ಟಿನ ಪಕ್ಕ ಮಲಗಿ ಎತ್ತರದ ಸ್ವರಗಳು ಹೋಗಿವೆ. ಹಾಗಾಗಿ ಮನೆಯವಳೇ ಪರೀಕ್ಷಕಿ. ಅವಳು ಅವರೆಕಾಯಿ ಬಿಡಿಸುತ್ತ ಕೂತಾಗ ಯಾವುದು ಯಾವುದೆಂದು ಹೇಳದೆ ಎರಡು ಸಿಡಿಯಲ್ಲೂ ಅದೇ ಹಾಡು ಹಾಕಿದೆ. ದನಿಯ ಮಟ್ಟ ಎರಡಕ್ಕೂ ಸಮ ಮಾಡಿದ್ದೆ. ಇದನ್ನು ಮರೆಯಬೇಡಿ, ಜೋರಾಗಿರುವುದೇ ಚೆನ್ನ ಅಂತ ಕಿವಿ ಮೋಸಹೋಗುತ್ತದೆ. ಅವಳು ತಲೆ ಎತ್ತಲೇ ಇಲ್ಲ. "ಮೊದ್ಲುದ್ರಲ್ಲಿ ಮನುಷ್ರು ಹಾಡ್ತಾವ್ರೆ. ಎಲ್ಡನೇದು ಫೋನಲ್ಲಿ ಮಾತಾಡ್ದಂಗದೆ" ಅಂದಳು. ಎರಡನೆಯದೇ ದುಬಾರಿಯದು, ಡಬ್ಬಿಯ ಮೇಲೆ ಡಿಜಿಟಲ್ ರೀಮಾಸ್ಟರ್ ಅಂತ ಮಿಂಚುವ ಚೀಟಿ ಬೇರೆ.

ಹಾಗಾದರೆ ಯಾರದನ್ನು ಕೊಳ್ಳುವುದು? ಹಳೆಯ ಹಾಡು ಮತ್ತೆ ಅಚ್ಚು ಹಾಕಿಸುವ ಚಟ ಶುರುವಾದದ್ದರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಸುರಂಗ ನಿಲ್ದಾಣದ ಅಂಗಡಿಯೊಂದರ ಪಾಲು ದೊಡ್ಡದು. ಸ್ಲಿಮ್ ರೋಸ್ ಅನ್ನುವವನು ಅಲ್ಲಿ ಕೂತು ಹುಡುಗರಿಂದ ಅಪರೂಪದ ಪ್ಲೇಟು ಕೊಳ್ಳುತ್ತಿದ್ದ. ಅರವತ್ತರ ದಶಕದ ಆರಂಭದಲ್ಲಿ ತಾನೇ ಮರುಬಿಡುಗಡೆಯನ್ನೂ ಶುರು ಮಾಡಿದ. ಆ ಬೆನ್ನಲ್ಲೇ ಎಡ್ಡಿ ಗ್ರೀಸ್ ಮತ್ತು ಡಾನ್ ಫಿಲೆಟಿ ಅನ್ನುವ ಇಬ್ಬರು ಅಭಿಮಾನಿಗಳು ರೆಲಿಕ್ ಅನ್ನುವ ಕಂಪನಿ ಕಟ್ಟಿದರು. ರೆಲಿಕ್‌ನ ಎಲ್‌ಪಿ, ಸಿಡಿ ಎಲ್ಲಿ ಕಂಡರೂ ಕೈಬಿಡಬೇಡಿ, ಆ ಹುಚ್ಚು ಹತ್ತಿದವರು ಮಾಡಿದ ಕೆಲಸ ಅದು. ಹೊಸಬರಿಗೆ ನಾನು ಹೇಳುವುದು ರೈನೋ ಕಂಪನಿಯ 1993ರ 'ಡೂ ವಾಪ್ ಬಾಕ್ಸ್'. ನಾಲ್ಕು ಸಿಡಿ, 101 ಹಾಡು, ಒಬ್ಬ ಮನುಷ್ಯನಿಗೆ ಎರಡು ವರ್ಷಕ್ಕೆ ಸಾಕು. ವರ್ಷವರ್ಷದ ಲೆಕ್ಕದಲ್ಲಿ ಬೇಕೆಂದರೆ ಜರ್ಮನಿಯ ಬೇರ್ ಫ್ಯಾಮಿಲಿಯವರ 'ಸ್ಟ್ರೀಟ್ ಕಾರ್ನರ್ ಸಿಂಫನೀಸ್' ಸರಣಿ ಇದೆ. ಅದರ ಜೊತೆಗೆ ಬಿಲ್ ಡಾಲ್ ಬರೆದ ಪುಸ್ತಿಕೆ ಸಿಡಿಗಿಂತ ದಪ್ಪ. ಇಂಗ್ಲೆಂಡಿನ ಏಸ್ ಕಂಪನಿಯದನ್ನು ಕಣ್ಣುಮುಚ್ಚಿ ಕೊಳ್ಳಬಹುದು.

ಐವತ್ತು ನೂರು ಹಾಡು ತುಂಬಿದ ಅಗ್ಗದ ಯುರೋಪಿನ ಡಬ್ಬಿಗಳು ಯಾಕಿಷ್ಟು ಅಂತ ಕೇಳುತ್ತಾರೆ. ಅಲ್ಲಿ ರೆಕಾರ್ಡಿನ ಹಕ್ಕು 50 ವರ್ಷಕ್ಕೆ ಮುಗಿಯುತ್ತಿತ್ತು. 2011ರಲ್ಲಿ ಅದನ್ನು 70ಕ್ಕೆ ಏರಿಸಿದರು, ಆದರೆ ಅಷ್ಟರೊಳಗೆ ಮುಗಿದಿದ್ದ ಹಕ್ಕು ಮತ್ತೆ ಚಿಗುರಲಿಲ್ಲ. ಹಾಗಾಗಿ ಐವತ್ತರ ದಶಕ ಅಲ್ಲಿ ಗೋಮಾಳ, ಯಾರು ಬೇಕಾದರೂ ಮೇಯಿಸಬಹುದು. ಕೆಲವರು ಚೆನ್ನಾಗಿಯೇ ಮಾಡಿದ್ದಾರೆ. ಬಹಳ ಮಂದಿ ಇನ್ನೊಬ್ಬರು ಕಷ್ಟಪಟ್ಟು ಎತ್ತಿದ ಹಾಡನ್ನು ಅನಾಮತ್ತಾಗಿ ನಕಲು ಹೊಡೆದು, ಮೇಲೆ ಹೈಡ್ರೋಸನ್ನೂ ಹಾಕಿದ್ದಾರೆ. ಗುರುತಿಸುವುದು ಹೀಗೆ: ಪುಸ್ತಿಕೆ ತೆಗೆದು ನೋಡಿ. ಹಾಡಿದ ತಾರೀಖು, ಊರು, ಯಾರು ಮಂದ್ರ ಯಾರು ತಾರ, ಮೊದಲ ಪ್ಲೇಟಿನ ನಂಬರು ಇಷ್ಟಿದ್ದರೆ ಮಾಡಿದವನಿಗೆ ಕಾಳಜಿ ಇದೆ. ಒಂದು ಮಡಚಿದ ಹಾಳೆ, ಅದರಲ್ಲಿ ಬರೀ ಹಾಡಿನ ಪಟ್ಟಿ ಇದ್ದರೆ ಡಬ್ಬಿ ವಾಪಸ್ ಇಡಿ.

ಎಲ್‌ಪಿ ಮರುಬಿಡುಗಡೆ ಕೊಳ್ಳುವವರಿಗೆ ಹೆಚ್ಚು ಹೇಳುವುದಿಲ್ಲ, ಮಾಮೂಲಿ ಎಲ್‌ಪಿ ಮುಳ್ಳೇ ಸಾಕು. ಆದರೆ ಆಸೆ ಹೆಚ್ಚಾಗಿ ಹಳೆಯ 78ರ ಪ್ಲೇಟನ್ನೇ ತಂದರೆ ಅದಕ್ಕೆ ಬೇರೆ ಮುಳ್ಳು ಬೇಕು, ಎಲ್‌ಪಿ ಮುಳ್ಳಿಗಿಂತ ಮೂರು ಪಟ್ಟು ದಪ್ಪದ್ದು. ಎಲ್‌ಪಿ ಮುಳ್ಳು ಅದರ ಗೆರೆಯ ತಳದಲ್ಲಿ ಕಸ ಕೆದಕುತ್ತ ಓಡಾಡುತ್ತದೆ ಅಷ್ಟೆ. ಇನ್ನೊಂದು, 78ಕ್ಕೆ ಸ್ಪಿರಿಟ್ ಸೋಕಿಸಬೇಡಿ. ಟೇಪ್ ಹೆಡ್ ಒರೆಸುವ ಅಭ್ಯಾಸದಲ್ಲಿ ನಮ್ಮಜ್ಜಿಯ ಕಾಲದ ನಾಟಕದ ಪ್ಲೇಟೊಂದನ್ನು ಸ್ಪಿರಿಟ್ ಹತ್ತಿಯಲ್ಲಿ ತಿಕ್ಕಿದೆ. ಹತ್ತಿ ಕಪ್ಪಗಾಯಿತು, ಕೊಳೆ ಬಿಡುತ್ತಿದೆ ಅಂತ ಖುಷಿಯಲ್ಲಿ ಇನ್ನೂ ತಿಕ್ಕಿದೆ. ಬಿಡುತ್ತಿದ್ದದ್ದು ಕೊಳೆಯಲ್ಲ, ಪ್ಲೇಟು. ಆ ಪ್ಲೇಟು ಅರಗಿನದು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ ಅನ್ನುವುದು ಬಡಗಿಗಳಿಗೆಲ್ಲ ಗೊತ್ತು, ನನಗೆ ಅವತ್ತು ಹೊಳೆಯಲಿಲ್ಲ.

"ಮಂಡ್ಯದಲ್ಲಿ ಕೂತು ಇದೆಲ್ಲ ಯಾಕೆ ಬೇಕು ನಿಂಗೆ" ಅನ್ನುವವರಿಗೆ ನಾನು ಮೈಸೂರಿನ ಕಡೆ ಕೈ ತೋರಿಸುತ್ತೇನೆ. ಜಯಚಾಮರಾಜ ಒಡೆಯರು ರಷ್ಯಾದ ನಿಕೊಲಾಯ್ ಮೆಟ್ನರ್ ಅನ್ನುವ ಸಂಗೀತಗಾರನ ಕೃತಿಗಳನ್ನು ಲಂಡನ್ನಿನಲ್ಲಿ ಎಚ್‌ಎಂವಿ ರೆಕಾರ್ಡು ಮಾಡಲಿ ಅಂತ ನಲವತ್ತರ ದಶಕದಲ್ಲಿ ದುಡ್ಡು ಕೊಟ್ಟವರು. ಮೆಟ್ನರ್ ಕೈಯದೇ ಪಿಯಾನೋ ಇವತ್ತು ಸಿಡಿಯಲ್ಲಿ ಸಿಗುತ್ತಿದ್ದರೆ ಅದರಲ್ಲಿ ಮೈಸೂರಿನ ಪಾಲಿದೆ. ನಾನು ಅಷ್ಟು ದೊಡ್ಡವನಲ್ಲ, ಸಿಡಿ ಕೊಳ್ಳುವಷ್ಟಕ್ಕೆ ಸೈ.

ತಂದ ಮೇಲೆ ಕೇಳುವ ರೀತಿ. ಒಂದೇ ಹಾಡನ್ನು ನಾಲ್ಕು ಸಲ ಹಾಕಿ. ಸ್ಪೇನಿಯಲ್ಸ್‌ನವರ 1954ರ 'ಗುಡ್‌ನೈಟ್ ಸ್ವೀಟ್‌ಹಾರ್ಟ್ ಗುಡ್‌ನೈಟ್' ಇದಕ್ಕೆ ಹೇಳಿ ಮಾಡಿಸಿದ್ದು. ಮೊದಲ ಸಲ ಜೆರಾಲ್ಡ್ ಗ್ರೆಗರಿಯ ಮಂದ್ರವನ್ನಷ್ಟೇ ಹಿಂಬಾಲಿಸಿ. ಹಾಡು ತೆರೆಯುವುದೇ ಅವನು, ಹಳ್ಳಿಯ ಬಾವಿಯೊಳಗಿಂದ ಬಂದ ಹಾಗೆ. ಎರಡನೇ ಸಲ ಪೂಕಿ ಹಡ್ಸನ್ ದನಿ. ಅವನು ಅವಸರ ಮಾಡುವುದಿಲ್ಲ, ಅಕ್ಷರಗಳನ್ನು ಕೊಂಚ ತಡವಾಗಿ ಕೆಳಗಿಡುತ್ತಾನೆ. ಮೂರನೇ ಸಲ ನಡುವಿನವರನ್ನು ಹುಡುಕಿ. ಇದೇ ಕಷ್ಟದ್ದು, ಕಣ್ಣು ಮುಚ್ಚಿದರೆ ಸಿಗುತ್ತಾರೆ. ನಾಲ್ಕನೇ ಸಲ ಏನನ್ನೂ ಹುಡುಕದೆ ಸುಮ್ಮನೆ ಕೂರಿ. ಸಣ್ಣ ಸ್ಪೀಕರ್ ಆದರೂ ಪರವಾಗಿಲ್ಲ, ಈ ಹಾಡುಗಳು ಜ್ಯೂಕ್‌ಬಾಕ್ಸಿಗೆ, ಪುಟ್ಟ ರೇಡಿಯೋಗೆ ಅಂತಲೇ ಆದವು. ನನ್ನ ಅಂಗಡಿಯಲ್ಲಿ ಹಳೆ ವಾಲ್ವ್ ರೇಡಿಯೋದ ಎಂಟಿಂಚಿನ ಸ್ಪೀಕರು ಒಂದೇ ಇದೆ. ಮಂದ್ರದವನು ಬಂದಾಗ ಮೇಲಿಟ್ಟ ಲೋಟ ಸಣ್ಣಗೆ ನಡುಗುತ್ತದೆ.

ಮೇಷ್ಟ್ರ ಎಲ್‌ಪಿಯನ್ನು ಎಸೆದಿಲ್ಲ. ಕವರಿನ ಮೇಲೆ ದಪ್ಪ ಮಾರ್ಕರಿನಲ್ಲಿ 'ಇದು ಅದಲ್ಲ' ಅಂತ ಬರೆದು ಕಪಾಟಿನಲ್ಲಿಟ್ಟಿದ್ದೇನೆ. ರಿಪೇರಿಗೆ ಪ್ಲೇಯರ್ ಬಂದರೆ ಪರೀಕ್ಷೆಗೆ ಅದನ್ನೇ ಹಾಕುವುದು.